ಕೆರೆ, ಕಾವಲು ಮತ್ತು ನೀರಗಂಟಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದರು. ನಿವೃತ್ತನಾದ ಮೇಲೆ ಇಂಥ ಸಮಾರಂಭಗಳಿಗೆ ಹೋಗುವುದೆಂದರೆ ನನಗೆ ಸಂತೋಷವೂ ಹೌದು, ಸಂಕೋಚವೂ ಹೌದು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಹೆಣ್ಣುಮಗಳೊಬ್ಬರು ಬಂದು ನಮಸ್ಕರಿಸಿದರು. ಈಗ ಅವರೂ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅದೂ ಇದೂ ಮಾತನಾಡಿದ ಮೇಲೆ ನಗುನಗುತ್ತಲೇ ಹೇಳಿದರು: "ಸರ್, ಒಂಬತ್ತನೇ ಕ್ಲಾಸಿನಲ್ಲಿ ಹಿಂದಿನ ಹಳ್ಳಿಗಳ ಒಗ್ಗಟ್ಟಿನ ಬಗ್ಗೆ ತುಂಬಾ ಚೆನ್ನಾಗಿ ಪಾಠ ಮಾಡಿದ್ರಿ. ಪಟೇಲರು, ಶಾನುಭೋಗರು, ಬಡಗಿ, ಕಮ್ಮಾರ ಎಲ್ಲರ ವಿಷಯ ಹೇಳಿದ್ರಿ. ನಮ್ಮ ತಾತ ನಿಮ್ಮೂರ ಕೆರೆಗೇ ನೀರಗಂಟಿ ಆಗಿದ್ರು. ಅವರ ವಿಷಯ ಮಾತ್ರ ಹೇಳಲಿಲ್ಲ."

ಅದು ದೂರೇನೂ ಆಗಿರಲಿಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಮಾಜ ವಿಜ್ಞಾನ ಬೋಧಿಸಿದ ನಾನು ನನ್ನದೇ ಊರಿನ ಚರಿತ್ರೆಯನ್ನು ಅರ್ಧ ಮಾತ್ರ ಹೇಳಿದ್ದೆನೆಂದು ತಿಳಿಯಲು ನಿವೃತ್ತಿಯ ತನಕ ಕಾಯಬೇಕಾಯಿತು. ಉಳಿದ ಅರ್ಧವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಮೊದಲು ನಮ್ಮ ಸೀಮೆಯ ಪರಿಚಯ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲೆಯೆಂದರೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಗಿರಿಶ್ರೇಣಿಗಳೇ ನೆನಪಾಗುತ್ತವೆ. ಆದರೆ ಬಾಬಾಬುಡನ್ ಗಿರಿಯ ಪೂರ್ವಕ್ಕೆ ಇಳಿದರೆ ದೃಶ್ಯವೇ ಬೇರೆ. ತರೀಕೆರೆಯವರೆಗೆ ಮಲೆನಾಡಿನ ಸೆರಗು ಇರುತ್ತದೆ. ಅಲ್ಲಿಂದ ಅಜ್ಜಂಪುರದತ್ತ ಸಾಗುತ್ತ ಹಸಿರು ತೆಳುವಾಗಿ ಎರೆಭೂಮಿ ಬರುತ್ತದೆ. ಕಡೂರಿನ ಪೂರ್ವಕ್ಕೆ ಹೋದರೆ ಅಪ್ಪಟ ಬಯಲುಸೀಮೆ. ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿಗೇ ಸೇರಿತ್ತು; 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪೈಕಿ ಅದೂ ಒಂದು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಒಂದು ಬದಿಗೆ ಕೆರೆ, ಇನ್ನೊಂದು ಬದಿಗೆ ದನದ ಕಾವಲು ಇದ್ದ ನೂರಿಪ್ಪತ್ತು ಮನೆಯ ಹಳ್ಳಿ ನಮ್ಮದು. ನಾನು ಹುಟ್ಟಿದ್ದು 1950ರ ದಶಕದ ಕೊನೆಗೆ.

ಇಂಥ ಸೀಮೆಯಲ್ಲಿ ಊರು ನಿಲ್ಲಬೇಕಾದರೆ ಕೆರೆ ಬೇಕು. ಗಿರಿಯಿಂದ ಇಳಿಯುವ ವೇದಾ, ಅವತಿ ಎಂಬ ಎರಡು ಹೊಳೆಗಳಿಗೆ ನಮ್ಮ ಹಿರಿಯರು ದಾರಿಯಲ್ಲೇ ಕೆರೆ ಕಟ್ಟಿದರು. ವೇದೆಗೆ ಸಖರಾಯಪಟ್ಟಣದ ಅಯ್ಯನಕೆರೆ, ಅವತಿಗೆ ಕಡೂರು ತಾಲ್ಲೂಕಿನ ಮದಗದ ಕೆರೆ. ಆ ಮದಗದ ಕೆರೆಗೆ ಮಳೆ ಬಂದ ಸಂಭ್ರಮದ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಎರಡು ಹೊಳೆಗಳೂ ಮುಂದೆ ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಇವು ದೊಡ್ಡ ಹೆಸರುಗಳು. ಇವುಗಳ ನಡುವೆ ಹೆಸರಿಲ್ಲದ ಸಣ್ಣ ಕೆರೆಗಳು ಎಷ್ಟೋ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಸರಪಳಿಯಂತೆ ಅವುಗಳ ಜೋಡಣೆ.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಪ್ರಕಟಿಸಿದರು. ಬಿ.ಎಡ್. ಓದುವಾಗ ಕುತೂಹಲಕ್ಕೆ ಅದನ್ನು ತೆರೆದವನು ಇಂದಿಗೂ ಆಗಾಗ ತಿರುವಿ ಹಾಕುತ್ತೇನೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನು ನೋಡಲು ಜನ ಬರುತ್ತಾರೆ. ಆದರೆ ನನ್ನನ್ನು ಸೆಳೆಯುವುದು ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಸಾಧಾರಣ ಪದಗಳು: ಕೆರೆ ಕಟ್ಟಿದವನಿಗೆ ಕೊಟ್ಟ ಭೂಮಿ 'ಕಟ್ಟುಕೊಡಗೆ', ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ 'ಬಿತ್ತುವಟ್ಟ'. ಕೆರೆ ಕಟ್ಟಿದರೆ ಸಾಲದು, ಅದನ್ನು ದಿನವೂ ನೋಡಿಕೊಳ್ಳುವವರು ಬೇಕು, ಅವರ ಹೊಟ್ಟೆಗೆ ದಾರಿ ಇರಬೇಕು ಎಂಬ ತಿಳಿವು ಎಂಟುನೂರು ವರ್ಷಗಳ ಹಿಂದೆಯೇ ನಮ್ಮವರಿಗಿತ್ತು.

ನಮ್ಮೂರಿನಲ್ಲಿ ಆ ನೋಡಿಕೊಳ್ಳುವವರೇ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಏರಿಯಲ್ಲಿ ಇಲಿ ಹೆಗ್ಗಣಗಳು ಬಿಲ ತೋಡಿದ್ದರೆ ಕಂಡುಹಿಡಿದು ಮುಚ್ಚುವುದು, ಮಳೆಗಾಲದ ರಾತ್ರಿ ಕೋಡಿಯ ಬಳಿ ಕಾವಲಿರುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು ಇವೆಲ್ಲ ಅವರ ಕೆಲಸ. ಹೆಗಲ ಮೇಲೆ ಸನಿಕೆ, ಕೈಯಲ್ಲಿ ಲಾಟೀನು, ತಲೆಯ ಮೇಲೆ ಕಂಬಳಿಯ ಕೊಪ್ಪೆ. ಇದು ನನ್ನ ಕಣ್ಣಿನಲ್ಲಿ ಉಳಿದಿರುವ ಅವರ ಚಿತ್ರ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕೆಂಬುದು ಅವರಿಗೆ ಬಾಯಿಪಾಠ. ಗಡಿಯಾರ ಇರಲಿಲ್ಲ. ಹಗಲು ನೆರಳು, ರಾತ್ರಿ ನಕ್ಷತ್ರ. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನ ಕಣದಲ್ಲೂ ರಾಶಿಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಅಗಸ, ಕ್ಷೌರಿಕರಿಗೆ ಅಳೆದಂತೆ ಅವರಿಗೂ ಇಷ್ಟು ಕೊಳಗ ಎಂದು ಆಯ ಅಳೆಯುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅವರು ಅವರು ಎಂದು ಈಗ ಬರೆಯುತ್ತಿದ್ದೇನೆ. ಆಗ ಎಂಟು ವರ್ಷದ ಹುಡುಗನಾದ ನಾನೂ ಅವರನ್ನು ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಿದ್ದೆ. ನನ್ನ ಅಜ್ಜನಿಗಿಂತ ಅವರು ಬಹುಶಃ ಐದಾರು ವರ್ಷ ಚಿಕ್ಕವರಷ್ಟೇ.

1965-66ರಲ್ಲಿ ದೇಶಕ್ಕೇ ಬರ ಬಂದಿತ್ತು. ಆ ವರ್ಷ ನಮ್ಮ ಕೆರೆ ಅರ್ಧವೂ ತುಂಬಲಿಲ್ಲ. ದೀಪಾವಳಿಯ ಮುಂಚೆ ಊರ ಮುಂದಿನ ಚಾವಡಿಯಲ್ಲಿ ಕೂಟ ಸೇರಿತು. ಇರುವ ನೀರಿಗೆ ಎಲ್ಲರೂ ಪೂರ್ತಿ ನಾಟಿ ಮಾಡಿದರೆ ಯಾರ ಕೈಗೂ ಕಾಳು ಹತ್ತುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಗದ್ದೆಯ ಮೂರನೇ ಒಂದು ಪಾಲು ಮಾತ್ರ ನೆಡಬೇಕು ಎಂದು ತೀರ್ಮಾನವಾಯಿತು. ಹತ್ತು ಎಕರೆಯವನಿಗೂ ಅದೇ ಲೆಕ್ಕ, ಅರ್ಧ ಎಕರೆಯವನಿಗೂ ಅದೇ ಲೆಕ್ಕ.

ನಮ್ಮ ಅಜ್ಜನ ಗದ್ದೆ ತೂಬಿನ ಕೆಳಗೆ ಮೊದಲನೆಯದು. ನೀರು ಊರಿಗೆಲ್ಲ ಹೋಗುವ ಮೊದಲು ನಮ್ಮ ಬದುವನ್ನು ಮುಟ್ಟಿಯೇ ಹೋಗಬೇಕು. ಆಸೆ ಯಾರನ್ನು ಬಿಟ್ಟಿದೆ? ಅಜ್ಜ ಅರ್ಧ ಪಾಲು ನೆಟ್ಟುಬಿಟ್ಟಿದ್ದ. ಒಂದು ರಾತ್ರಿ ಬದುವಿನಲ್ಲಿ ಸಣ್ಣದೊಂದು ಕಂಡಿ ಬಿತ್ತು. ತಾನಾಗಿ ಬಿದ್ದದ್ದಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಅಜ್ಜನಿಗೆ ರೊಟ್ಟಿಯ ಬುತ್ತಿ ಕೊಡಲು ಹೋದ ನಾನು ನೋಡುತ್ತಿದ್ದಂತೆಯೇ ನೀರಗಂಟಿ ಬಂದರು. ಕಂಡಿಯನ್ನು ನೋಡಿದರು, ಅಜ್ಜನನ್ನು ನೋಡಿದರು, ಏನೂ ಕೇಳದೆ ಸನಿಕೆಯಲ್ಲಿ ಮಣ್ಣು ಎತ್ತಿ ಹಾಕಿ ಕಾಲಿನಿಂದ ತುಳಿದು ಮುಚ್ಚಿದರು. ಅಜ್ಜ ರೇಗಿದ. ಬಾಯಿಗೆ ಬಂದಂತೆ ಬೈದ. ಅವರು ತಲೆ ತಗ್ಗಿಸಿಯೇ ಹೇಳಿದರು: "ಗೌಡ್ರೇ, ನೀರು ನಂದೂ ಅಲ್ಲ, ನಿಮ್ದೂ ಅಲ್ಲ, ಕೆರೇದು. ಕೊನೇ ಗದ್ದೆಗೆ ಇನ್ನೂ ಮುಟ್ಟಿಲ್ಲ." ಅಜ್ಜನ ಬಾಯಿ ಕಟ್ಟಿತು. ಆ ಬೆಳೆಯಲ್ಲಿ ನಮ್ಮ ಹೆಚ್ಚಿನ ನಾಟಿ ಒಣಗಿಹೋಯಿತು. ಆದರೆ ಸುಗ್ಗಿಯಲ್ಲಿ ನೀರಗಂಟಿಯ ಆಯ ಅಳೆಯುವಾಗ ಅಜ್ಜ ಒಂದು ಕೊಳಗ ಹೆಚ್ಚಿಗೆ ಅಳೆದ. ಯಾಕೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ತರಗತಿಯಲ್ಲಿ ಊರಿನ ಒಗ್ಗಟ್ಟಿಗೆ ಉದಾಹರಣೆಯಾಗಿ ಚಾವಡಿಯ ತೀರ್ಮಾನವನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಸನಿಕೆಯಲ್ಲಿ ಮಣ್ಣು ಹಾಕಿದ ಕೈಯನ್ನು ಬಿಟ್ಟೇ ಹೇಳಿದ್ದೆ. ಬಹುಶಃ ಅಜ್ಜನ ಮಾನ ಉಳಿಸಲು. ಅದಕ್ಕಿಂತ ಹೆಚ್ಚಾಗಿ, ಅದೇ ದಿನ ಮಧ್ಯಾಹ್ನ ಕಂಡದ್ದನ್ನು ಹೇಳಬೇಕಾಗುತ್ತದೆಂಬ ಭಯದಿಂದ.

ಆ ಮಧ್ಯಾಹ್ನ ನೀರಗಂಟಿ ನಮ್ಮ ಬೀದಿಯಲ್ಲಿ ಹಾದು ಹೋಗುವಾಗ ಬಾಯಾರಿ ಮನೆಯ ಮುಂದೆ ನಿಂತರು. ಅಜ್ಜಿ ತಂಬಿಗೆ ತಂದಳು. ಅವರು ಅಂಗಳದ ಅಂಚಿನಲ್ಲಿ ಬಗ್ಗಿ ಬೊಗಸೆ ಒಡ್ಡಿದರು. ಅಜ್ಜಿ ಎರಡಡಿ ಮೇಲಿನಿಂದ ನೀರು ಹೊಯ್ದಳು. ಇಡೀ ಊರಿನ ಗದ್ದೆಗಳಿಗೆ ನೀರು ಹಂಚುವ ಆ ಕೈಗಳು ಊರೊಳಗಿನ ಸೇದುವ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಅವರ ಕೇರಿ ಊರಿನ ಹೊರಗೆ, ಕೋಡಿಯ ಆಚೆ. ಅಸ್ಪೃಶ್ಯತೆಯನ್ನು ಸಂವಿಧಾನದ ಹದಿನೇಳನೆಯ ವಿಧಿ 1950ರಲ್ಲೇ ರದ್ದುಗೊಳಿಸಿತ್ತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂದಿತ್ತು. ಅವೆರಡೂ ನಮ್ಮೂರಿನ ಬಾವಿಕಟ್ಟೆಯನ್ನು ತಲುಪಲು ಇನ್ನೂ ಬಹುಕಾಲ ಬೇಕಾಯಿತು.

ಇನ್ನು ಕಾವಲಿನ ಕಥೆ. ಊರಿನ ಪೂರ್ವಕ್ಕಿದ್ದ ಹುಲ್ಲುಗಾವಲು ಅಮೃತ ಮಹಲ್ ದನಗಳದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಹೈದರಾಲಿ ಆ ಹಿಂಡಿನ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಸುಲ್ತಾನ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಚಿದಂಬರದ ರಕ್ಷಣೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರುಗಳು ಬರೆದಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈಸೇರಿತು. ಖರ್ಚು ಹೆಚ್ಚೆಂದು 1860ರಲ್ಲಿ ಅದನ್ನು ಮಾರಿಬಿಟ್ಟು, ಒಳ್ಳೆಯ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಕಟ್ಟಿದರು. ಮುಂದೆ ಅದು ಮೈಸೂರು ಸರ್ಕಾರಕ್ಕೆ ಬಂತು. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ.

ನೀಳವಾಗಿ ಹಿಂದಕ್ಕೆ ಬಾಗಿದ ಕೊಂಬು, ಬೂದು ಮೈ, ಬೆದರಿದ ಕಣ್ಣು. ಹಾಲು ಕಡಿಮೆ, ಆದರೆ ಎತ್ತಿನ ಓಟಕ್ಕೆ ಸಾಟಿಯಿಲ್ಲ. ಕಾವಲು ಸರ್ಕಾರದ್ದಾದರೂ ಅದರ ಅಂಚು ಊರಿನ ಬದುಕಿನಲ್ಲಿ ಬೆರೆತಿತ್ತು. ಊರ ದನಗಳೆಲ್ಲ ಒಂದೇ ಹಿಂಡಾಗಿ ಬೆಳಿಗ್ಗೆ ಹೊರಟು ಗೋಮಾಳ ದಾಟಿ ಕಾವಲಿನ ಅಂಚಿನವರೆಗೆ ಮೇಯ್ದು ಗೋಧೂಳಿಗೆ ಮರಳುತ್ತಿದ್ದವು. ಕಾಯಲು ಮನೆಗೊಬ್ಬರಂತೆ ಸರದಿ. ಸರದಿ ತಪ್ಪಿಸಿದವರಿಗೆ ಮರುದಿನ ಊರೆಲ್ಲ ಬೈಗುಳ. ಕೃಷ್ಣಮೃಗಗಳು ದನಗಳ ಜೊತೆಯಲ್ಲೇ ಮೇಯುತ್ತಿದ್ದವೆಂದರೆ ಇಂದಿನ ಮಕ್ಕಳು ನಂಬಲಾರರು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಅವುಗಳಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು.

ನಾಟಿ, ಕಳೆ, ಕೊಯ್ಲು ಎಲ್ಲವೂ ಮುಯ್ಯಾಳಿನಲ್ಲಿ. ಇಂದು ನಿಮ್ಮ ಹೊಲಕ್ಕೆ ನಮ್ಮ ಮನೆಯವರು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯವರು, ದುಡ್ಡಿನ ಮಾತಿಲ್ಲ. ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬುತ್ತಿದ್ದರು. ಅವು ಇದ್ದದ್ದೂ ಊರ ಮುಂದಿನ ಒಂದೇ ಬಯಲಿನಲ್ಲಿ. ವರ್ಷಗಟ್ಟಲೆ ಮುಚ್ಚಿದ ಹಗೇವಿಗೆ ಇಳಿಯುವ ಮೊದಲು ಒಳಗೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯನ ಉಸಿರೂ ಆರುತ್ತದೆ. ಆದ್ದರಿಂದ ಒಬ್ಬನೇ ತನ್ನ ಹಗೇವು ತೆಗೆಯುವಂತಿರಲಿಲ್ಲ. ಬರಗಾಲದ ಭಯ ಹಿರಿಯರ ರಕ್ತದಲ್ಲೇ ಇತ್ತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗ ಜನ ನಾಶವಾದರೆಂದು ಚರಿತ್ರೆ ಹೇಳುತ್ತದೆ. ನಮ್ಮಜ್ಜಿ ಅನ್ನ ಚೆಲ್ಲಿದ ಮಕ್ಕಳನ್ನು ಗದರಿಸುವಾಗ 'ಧಾತು ಬರ' ಎಂದೇ ಶುರು ಮಾಡುತ್ತಿದ್ದಳು. ಅವಳು ಅದನ್ನು ಕಂಡವಳಲ್ಲ, ಕೇಳಿದವಳು.

ಹಬ್ಬಗಳೂ ಹಾಗೆಯೇ. ಯುಗಾದಿಗೆ ಇಡೀ ಊರಿನ ಪರವಾಗಿ ಹೊನ್ನಾರು. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಪಾನಕದ ಗಾಡಿಗಳ ಸಾಲು. ಎತ್ತಿನ ಕೊರಳ ಗೆಜ್ಜೆಯ ಸದ್ದು ಬಂದರೆ ನಾವು ಹುಡುಗರು ರಸ್ತೆಗೆ ಓಡುತ್ತಿದ್ದೆವು. ವಿಜಯದಶಮಿ ಕಳೆದರೆ ಬೀರೂರಿನ ಮೈಲಾರಲಿಂಗನ ಕಾರ್ಣಿಕ ಏನಾಯಿತೆಂದು ಕೇಳುವ ಕಾತರ. ಕೇಳಿ ಬಂದವರು ಅರಳಿಕಟ್ಟೆಯಲ್ಲಿ ಕುಳಿತು ಆ ಒಂದೇ ವಾಕ್ಯಕ್ಕೆ ಹತ್ತು ಅರ್ಥ ಹೇಳುತ್ತಿದ್ದರು. ಎಲ್ಲ ಅರ್ಥಗಳೂ ಕೊನೆಗೆ ಮಳೆಯಲ್ಲೇ ಮುಗಿಯುತ್ತಿದ್ದವು.

ಇಷ್ಟೆಲ್ಲ ಯೋಚಿಸಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಿಂದಿನವರು ಒಳ್ಳೆಯವರು, ಇಂದಿನವರು ಸ್ವಾರ್ಥಿಗಳು ಎಂದು ನಾವು ನಿವೃತ್ತರು ಕಟ್ಟೆಯ ಮೇಲೆ ಕುಳಿತು ಹೇಳುವ ಮಾತು ನಿಜವಲ್ಲ. ನನ್ನ ಅಜ್ಜನೂ ಸ್ವಾರ್ಥಿಯೇ. ರಾತ್ರಿ ಬದು ಕಡಿದವನು. ಊರನ್ನು ಒಟ್ಟಿಗೆ ಹಿಡಿದದ್ದು ಜನರ ಗುಣವಲ್ಲ. ಎಲ್ಲರಿಗೂ ಸೇರಿದ ಕೆರೆ, ಗೋಮಾಳ, ಕಣ, ಹಗೇವಿನ ಬಯಲು ಅವರನ್ನು ಹಿಡಿದಿದ್ದವು. ಇವನ್ನು ಬಿಟ್ಟು ಯಾರೂ ಬದುಕುವಂತಿರಲಿಲ್ಲ. ಆದ್ದರಿಂದ ಜಗಳವಾಡಿದರೂ ಮರುದಿನ ಮುಖ ನೋಡಲೇಬೇಕಿತ್ತು. ಈ ಏರ್ಪಾಡಿನ ಭಾರವನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರಿಗೆ ಅದರಲ್ಲಿ ಎಲ್ಲರಿಗಿಂತ ಕಡಿಮೆ ಜಾಗವಿತ್ತು ಎಂಬುದೂ ಅಷ್ಟೇ ನಿಜ.

ಏರ್ಪಾಡು ಒಂದೊಂದಾಗಿ ಸಡಿಲವಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯ ಅಧಿಕಾರದ ಜೊತೆಗೆ ತೋಟಿ, ನೀರಗಂಟಿಯಂಥ ಹುದ್ದೆಗಳನ್ನೂ ಕೊನೆಗಾಣಿಸಿತು. ನಮ್ಮೂರಿನಲ್ಲಿ ವಾಡಿಕೆಯ ಬಲದಿಂದ ನೀರಗಂಟಿ ಇನ್ನೂ ಕೆಲವು ವರ್ಷ ಮುಂದುವರಿದರು. ಆಮೇಲೆ ಅವರ ಮಗ ಸನಿಕೆ ಹಿಡಿಯಲು ಒಪ್ಪಲಿಲ್ಲ. ಭದ್ರಾವತಿಗೆ ಕೂಲಿಗೆ ಹೋದ. "ಆಯ ಅಂದ್ರೆ ನಮ್ಮಪ್ಪ ಕಣದ ಅಂಚಿನಲ್ಲಿ ಕಾದು ನಿಲ್ಲಬೇಕು, ಕೂಲಿ ಅಂದ್ರೆ ಎಣಿಸಿ ಕೈಗೆ ಕೊಡ್ತಾರೆ" ಎಂದು ಅವನು ಹೇಳಿದ್ದನ್ನು ಊರಿನವರು ಸೊಕ್ಕು ಎಂದು ಕರೆದರು. ಇಂದು ನನಗೆ ಅದು ಸೊಕ್ಕೆಂದು ತೋರುವುದಿಲ್ಲ. 1974ರ ಭೂಸುಧಾರಣೆಯಿಂದ ಕೆಲವು ಗೇಣಿದಾರರು ಒಡೆಯರಾದರು. ಇವೆಲ್ಲ ಆಗಬೇಕಾದದ್ದೇ. ಆದರೆ ನೀರಗಂಟಿ ಹೋದ ಮೇಲೆ ಅವರ ಕೆಲಸ ಯಾರದು ಎಂದು ಯಾರೂ ಕೇಳಲಿಲ್ಲ. ಕೆರೆಯ ಹೂಳು ಬೆಳೆಯಿತು, ಏರಿಯ ಮೇಲೆ ಬಳ್ಳಾರಿ ಜಾಲಿ ಬೆಳೆಯಿತು.

ಬಳಿಕ ಕೊಳವೆ ಬಾವಿ ಬಂತು. ಹೊಲಕ್ಕೊಂದು ಬಾವಿ, ಬಾವಿಗೊಂದು ಮೋಟಾರು. ಈರುಳ್ಳಿ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಅಡಿಕೆ ಗಿಡಗಳು ಎದ್ದವು. ಕೈಯಲ್ಲಿ ಕಾಸು ಓಡಾಡಿತು, ಮಕ್ಕಳು ಓದಿದರು. ನಾನು ಅದನ್ನು ಹಳಿಯಲಾರೆ. ಆದರೆ ನನ್ನ ನೀರು ನನ್ನ ನೆಲದಡಿಯಲ್ಲಿದೆ ಎಂದಾದ ದಿನ ಪಕ್ಕದವನ ಮುಖ ನೋಡುವ ಅಗತ್ಯ ತೀರಿತು. ನೆಲದಡಿಯ ನೀರೂ ಎಲ್ಲರದೇ ಎಂಬುದು ಬಾವಿಗಳು ಒಂದರ ಹಿಂದೊಂದು ಬತ್ತಿದಾಗ ತಿಳಿಯಿತು. ಹಗೇವುಗಳಿಗೆ ಮಣ್ಣು ತುಂಬಿತು. ಕಣಗಳು ಹೋಗಿ, ಹೋಗುವ ಬರುವ ವಾಹನಗಳೇ ಒಕ್ಕಲೆಂದು ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡುವುದು ರೂಢಿಯಾಯಿತು. ಕಾವಲುಗಳು ಕೂಡ ಎಲ್ಲೆಡೆ ಕುಗ್ಗಿವೆ. ನೆರೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಅಮೃತ ಮಹಲ್ ಕಾವಲನ್ನು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನದ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಬಹುಕಾಲ ಹೋರಾಡಿದ್ದು ಓದುಗರಿಗೆ ನೆನಪಿರಬಹುದು.

ಈಗ ನಮ್ಮ ಸೀಮೆಗೆ ಹೊಸ ನೀರಿನ ಮಾತು ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹಾಯಿಸಿ ಪೂರ್ವಕ್ಕೆ ಕಳುಹಿಸುತ್ತಾರೆ. 2019ರಲ್ಲಿ ಆ ನೀರು ಮೊದಲ ಬಾರಿಗೆ ವೇದಾವತಿಯ ದಾರಿ ಹಿಡಿದು ವಾಣಿವಿಲಾಸ ಸಾಗರದತ್ತ ಹರಿಯಿತು. ಕೆರೆ ತುಂಬಿಸುವ ಯೋಜನೆಗಳ ಮಾತು ಎಲ್ಲೆಲ್ಲೂ ಇದೆ. ನನಗೆ ಸಂತೋಷವೇ. ಆದರೆ ಕೆರೆಗೆ ನೀರು ತರಲು ಎಂಜಿನಿಯರುಗಳು ಸಾಕು. ಕೊನೆಯ ಗದ್ದೆಗೆ ಮುಟ್ಟಿಸಲು ನೀರಗಂಟಿಯೇ ಬೇಕು. ಆ ಹುದ್ದೆ ಜಾತಿಯಿಂದ ಬರಬಾರದು, ಕಣದ ಅಂಚಿನಲ್ಲಿ ಕಾಯುವ ಆಯದಿಂದ ನಡೆಯಬಾರದು. ಊರೇ ಆರಿಸಿ, ಸಂಬಳ ಕೊಟ್ಟು, ಚಾವಡಿಯಲ್ಲಿ ಎಲ್ಲರ ಜೊತೆ ಕೂರಿಸಿ, ಮೊದಲ ಗದ್ದೆಯವನ ಕಂಡಿ ಮುಚ್ಚುವ ಅಧಿಕಾರ ಕೊಡಬೇಕು. ಕೆರೆಯನ್ನು ಮರಳಿ ತರುವುದಾದರೆ ಹೀಗೆ ತರಬೇಕು. ಹಳೆಯ ಊರನ್ನು ಹಾಗೆಯೇ ಮರಳಿ ತರುತ್ತೇವೆಂದರೆ ಕೋಡಿಯ ಆಚೆಯವರು ಯಾಕೆ ಒಪ್ಪಬೇಕು?

ಮೊನ್ನೆ ಆ ಶಿಕ್ಷಕಿಗೆ ಫೋನ್ ಮಾಡಿ, ಅವರ ತಾತನ ಬಗ್ಗೆ ಬರೆಯುತ್ತಿದ್ದೇನೆ, ಅಭ್ಯಂತರವಿಲ್ಲವಷ್ಟೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ ಸರ್. ಆದ್ರೆ ಪಾಪ ಅಂತ ಮಾತ್ರ ಬರೀಬೇಡಿ. ಅವರಿಗೆ ಕೆರೆ ಬಗ್ಗೆ ಇಡೀ ಊರಿಗಿಂತ ಚೆನ್ನಾಗಿ ಗೊತ್ತಿತ್ತು" ಎಂದರು. ನಿಜ. ನಮ್ಮೂರಿನ ಮೊದಲ ಎಂಜಿನಿಯರ್, ಮೊದಲ ನ್ಯಾಯಾಧೀಶ ಅವರೇ. ಪಾಠ ಹೇಳುವಾಗ ಬಿಟ್ಟುಹೋದ ಸಾಲನ್ನು ಇಂದು ಸೇರಿಸಿದ್ದೇನೆ. ಓದುಗರಲ್ಲಿ ಒಂದು ಕೋರಿಕೆ: ನಿಮ್ಮೂರಿನ ಕೆರೆಗೂ ಒಬ್ಬ ನೀರಗಂಟಿ ಇದ್ದಿರಬೇಕು. ಅವರನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ ಕೇಳಿ ಬರೆದಿಡಿ. ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ; ಕಾದವರ ಹೆಸರನ್ನು ನಾವೇ ಬರೆಯಬೇಕು.